ಹೊಳೆಗೆ ಕಯಾಕ್ ಇಳಿಸುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಭೀಮಾ, ಕಾಗಿಣಾ, ಮಾಂಜ್ರಾ ದಂಡೆಯ ಊರುಗಳಿಂದ ಈ ಸಲ ಕಯಾಕ್ (ಎರಡೂ ತುದಿಗೆ ಹಲಗೆಯಿರುವ ಹುಟ್ಟಿನಿಂದ ನಡೆಸುವ ಕಿರಿದಾದ ದೋಣಿ) ಬಗ್ಗೆಯೇ ಹೆಚ್ಚು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ನಾಲ್ಕು ಮಂದಿ ಗೆಳೆಯರು. ರಜೆಯ ದಿನ ಭೀಮೆಯಲ್ಲಿ ಕಯಾಕ್ ನಡೆಸಬೇಕೆಂದಿದ್ದೇವೆ. ಯಾವ ತಿಂಗಳು ಒಳ್ಳೆಯದು? ಎಲ್ಲಿ ಇಳಿಯಬೇಕು? (ಕಲಬುರಗಿ)

ಉತ್ತರ: ನವೆಂಬರ್‌ನಿಂದ ಫೆಬ್ರವರಿವರೆಗೆ, ಅದೂ ಬೆಳಗಿನ ಹೊತ್ತು. ನಮ್ಮ ಭಾಗದ ಭೀಮೆಯಲ್ಲಿ ಸೊನ್ನ, ಘತ್ತರಗಿ, ಸನ್ನತಿ, ಗುರುಸುಣಗಿ ಹೀಗೆ ಒಂದಾದ ಮೇಲೊಂದು ಬ್ಯಾರೇಜ್‌ಗಳಿವೆ. ಮಳೆಗಾಲ ಮುಗಿದ ಮೇಲೆ ಗೇಟ್ ಇಳಿಸಿದಾಗ ಅವುಗಳ ಹಿಂದೆ ನೀರು ಅಗಲವಾಗಿ, ಸೆಳವಿಲ್ಲದೆ ನಿಲ್ಲುತ್ತದೆ. ಹೊಸಬರು ಕಲಿಯಲು ಈ ಹಿನ್ನೀರಿಗಿಂತ ಒಳ್ಳೆಯ ಜಾಗ ಹತ್ತಿರದಲ್ಲಿ ಇಲ್ಲ. ಮಾರ್ಚ್ ದಾಟಿದರೆ ನೀರು ಮಡುಗಳಿಗೆ ಇಳಿಯುತ್ತದೆ, ಬಿಸಿಲು 40 ಡಿಗ್ರಿ ದಾಟುತ್ತದೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಬೇಡವೇ ಬೇಡ. ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳಿಂದ ಬಿಟ್ಟ ನೀರು ಇಲ್ಲಿಗೆ ಬಂದೇ ಬರುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಊರುಗಳಿಗೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಆದ್ದರಿಂದ ಆಕಾಶ ನೋಡಿ ಹೊಳೆಯನ್ನು ಅಳೆಯಬೇಡಿ. ಹಿಂದಿನ ದಿನವೇ ನೀರು ಬಿಡುವ ಸುದ್ದಿ ತಿಳಿದುಕೊಳ್ಳಿ, ಬೆಳಿಗ್ಗೆ ಬ್ಯಾರೇಜ್ ಸಿಬ್ಬಂದಿಯನ್ನು ಮತ್ತೊಮ್ಮೆ ಕೇಳಿ. ದಂಡೆಗೆ ಬಂದ ಕೂಡಲೇ ನೀರಿನ ಅಂಚಿನಲ್ಲೇ ಒಂದು ಕಡ್ಡಿ ನೆಡಿ. ಸಾಮಾನು ಇಳಿಸಿ, ಜಾಕೆಟ್ ಕಟ್ಟಿಕೊಳ್ಳುವಷ್ಟರಲ್ಲಿ ಅರ್ಧ ತಾಸು ಆಗುತ್ತದೆ. ಅಷ್ಟರೊಳಗೆ ಕಡ್ಡಿಯ ಬುಡ ಮುಳುಗಿದ್ದರೆ, ಇಲ್ಲವೇ ನೀರು ಕೆಂಪಗಾಗಿ ಕಸಕಡ್ಡಿ, ನೊರೆ ತೇಲಿ ಬರುತ್ತಿದ್ದರೆ ದೋಣಿಯನ್ನು ಮತ್ತೆ ಗಾಡಿಗೆ ಏರಿಸಿ.

ಬ್ಯಾರೇಜ್‌ನಿಂದ ಮೇಲಕ್ಕೂ ಕೆಳಕ್ಕೂ ಕನಿಷ್ಠ ಅರ್ಧ ಕಿಲೋಮೀಟರ್ ದೂರ ಇರಿ. ಮೇಲಿನ ಬದಿಯಲ್ಲಿ, ಗೇಟ್ ಸ್ವಲ್ಪವೇ ಎತ್ತಿದ್ದರೂ ತಳದ ನೀರು ಒಳಕ್ಕೆ ಎಳೆಯುತ್ತದೆ. ಮೇಲ್ಮೈ ಮಾತ್ರ ಕನ್ನಡಿಯಂತೆ ಕಾಣುತ್ತದೆ. ಕೆಳಗಿನ ಬದಿ ಇನ್ನೂ ಕೆಟ್ಟದ್ದು. ಧುಮುಕಿದ ನೀರು ತಳಕ್ಕೆ ಹೋಗಿ, ಮೇಲೆದ್ದು, ಮತ್ತೆ ಗೋಡೆಯ ಕಡೆಗೇ ಹೊರಳುತ್ತದೆ. ಅದರೊಳಗೆ ಸಿಕ್ಕವನನ್ನು ಅದು ಹೊರಗೆ ಬಿಡುವುದಿಲ್ಲ. ಅಲ್ಲಿನ ನೀರಿನಲ್ಲಿ ಗಾಳಿಗುಳ್ಳೆ ತುಂಬಿರುವುದರಿಂದ ಲೈಫ್ ಜಾಕೆಟ್ ಕೂಡ ಪೂರ್ತಿ ಎತ್ತಿ ಹಿಡಿಯುವುದಿಲ್ಲ. ನುರಿತ ಈಜುಗಾರರೂ ಇಂಥಲ್ಲೇ ಜೀವ ಕಳೆದುಕೊಳ್ಳುತ್ತಾರೆ.

ಇಳಿಯಲು ಇಳಿಜಾರು ಇರುವ ಊರ ಘಾಟ್ ಹುಡುಕಿ. ಗಾಣಗಾಪುರದ ಸಂಗಮದಲ್ಲಿ ಸ್ನಾನಕ್ಕೆ ಬಂದ ಭಕ್ತರ ನಡುವೆ ದೋಣಿ ನುಗ್ಗಿಸುವುದು ಸರಿಯಲ್ಲ.

ಪ್ರಶ್ನೆ: ಕಾರಂಜಾ ಹಿನ್ನೀರಿಗೆ ಯಾವ ಕಯಾಕ್ ಕೊಳ್ಳಲಿ? ಗಾಳಿ ತುಂಬುವುದು ಅಗ್ಗಕ್ಕೆ ಸಿಗುತ್ತದೆ. (ಭಾಲ್ಕಿ)

ಉತ್ತರ: ಮೊದಲ ದೋಣಿಗೆ ನಮ್ಮ ಮತ, ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕ್‌ಗೆ: ಉದ್ದ 10ರಿಂದ 12 ಅಡಿ, ಅಗಲ 28ರಿಂದ 30 ಇಂಚು. ಮಗುಚಿದರೂ ಒಳಗೆ ನೀರು ತುಂಬುವುದಿಲ್ಲ, ತಿರುವಿ ಹಾಕಿ ಮತ್ತೆ ಹತ್ತಬಹುದು. ತೂಕ ಸುಮಾರು 20ರಿಂದ 25 ಕಿಲೋ, ಇಬ್ಬರು ಹೊರಬೇಕು. ಇಷ್ಟು ಅಗಲದ ದೋಣಿಗೆ 230 ಸೆಂ.ಮೀ. ಹುಟ್ಟು ಬಹುತೇಕರಿಗೆ ಹೊಂದುತ್ತದೆ. ಆರಡಿ ಎತ್ತರದವರು 240 ನೋಡಬಹುದು. ಹುಟ್ಟು ಗಿಡ್ಡವಾದರೆ ಪ್ರತಿ ಹೊಡೆತಕ್ಕೂ ಗೆಣ್ಣು ದೋಣಿಯ ಅಂಚಿಗೆ ತಾಗಿ ಸಿಪ್ಪೆ ಏಳುತ್ತದೆ.

ಗಾಳಿ ತುಂಬುವ ದೋಣಿ ಕೆಟ್ಟದ್ದಲ್ಲ, ಆದರೆ ನಮ್ಮ ದಂಡೆಗಳ ತುಂಬ ಜಾಲಿ. ಒಣಗಿ ಬಿದ್ದ ಒಂದು ಮುಳ್ಳು ಸಾಕು. ದೋಣಿ ಹರಡುವ ಮೊದಲು ದಪ್ಪ ತಾಡಪತ್ರಿ ಹಾಸಿ, ಚಪ್ಪಲಿಯ ಅಟ್ಟೆಗೆ ಮುಳ್ಳು ಚುಚ್ಚಿಕೊಂಡಿದೆಯೇ ನೋಡಿ. ಬಿಸಿಲಲ್ಲಿ ಗಾಳಿಯನ್ನು ಗಟ್ಟಿಯಾಗಿ ತುಂಬಬೇಡಿ. ಒಳಗಿನ ಗಾಳಿ ಹಿಗ್ಗಿ ಬೆಸುಗೆ ಬಿಡುತ್ತದೆ. ಮುಕ್ಕಾಲು ತುಂಬಿ ನೀರಿಗಿಟ್ಟು, ತಣ್ಣಗಾಗಿ ಮೆತ್ತಗಾದ ಮೇಲೆ ಉಳಿದದ್ದನ್ನು ತುಂಬಿ. ದಂಡೆಗೆ ಎಳೆದ ಕೂಡಲೇ ಸ್ವಲ್ಪ ಗಾಳಿ ಬಿಡಿ. ಸಣ್ಣ ತೂತು ಕಾಣದಿದ್ದರೆ ಸೋಪಿನ ನೀರು ಸವರಿ, ಗುಳ್ಳೆ ಏಳುವ ಜಾಗಕ್ಕೆ ಗುರುತು ಹಾಕಿ.

ಇನ್ನೊಂದು ಮಾತು. ಕಾರಂಜಾದಂಥ ಬಯಲು ನೀರಿನಲ್ಲಿ ಹೊತ್ತು ಏರಿದಂತೆ ಗಾಳಿ ಏಳುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ಬರುವಾಗ ಅದು ಬೆನ್ನಿಗಿರಲಿ. ಹಗುರಾಗಿರುವ, ಗಾಳಿ ತುಂಬುವ ದೋಣಿಗಂತೂ ಇದನ್ನು ಮರೆಯುವಂತಿಲ್ಲ.

ಪ್ರಶ್ನೆ: ಎಷ್ಟ್ ಜೋರ್ ಹುಟ್ಟ್ ಹಾಕಿದ್ರೂ ದೋಣಿ ಎಡಕ್ಕ, ಬಲಕ್ಕ ಹೊಳ್ಳತದ್ರಿ. ಅರ್ಧ ತಾಸಿನ್ಯಾಗ ಅಂಗೈ ಬೊಬ್ಬಿ ಬರ್ತಾವ. ಏನ್ ತಪ್ಪ ಆಗ್ಲಿಕತ್ತದ? (ಶಹಾಪುರ)

ಉತ್ತರ: ಎರಡಕ್ಕೂ ಕಾರಣ ಹತ್ತಿರಹತ್ತಿರದ್ದೇ. ನೀವು ಹುಟ್ಟನ್ನು ಸೊಂಟ ದಾಟಿಸಿ ಹಿಂದಕ್ಕೆ ಎಳೆಯುತ್ತಿದ್ದೀರಿ. ಸೊಂಟದವರೆಗೆ ಎಳೆತ ದೋಣಿಯನ್ನು ಮುಂದೆ ಒಯ್ಯುತ್ತದೆ. ಅದರಾಚೆಗಿನ ಎಳೆತ ಹಿಂಭಾಗವನ್ನು ಬದಿಗೆ ತಳ್ಳಿ ದೋಣಿಯನ್ನು ತಿರುಗಿಸುತ್ತದೆ. ಹುಟ್ಟಿನ ಹಲಗೆಯನ್ನು ಪಾದದ ಹತ್ತಿರ ಪೂರ್ತಿ ಮುಳುಗಿಸಿ, ದೋಣಿಗೆ ಒತ್ತಿಕೊಂಡೇ ಎಳೆದು, ಸೊಂಟದ ಬಳಿ ಬದಿಗೆ ಎತ್ತಿಬಿಡಿ. ಹಲಗೆ ಮುಳುಗುವ ಮೊದಲೇ ಎಳೆದರೆ ಗಾಳಿ ಬೆರೆತು ಬುಳುಬುಳು ಸದ್ದು ಬರುತ್ತದೆ. ಸದ್ದಿಲ್ಲದ ಹೊಡೆತವೇ ಸರಿಯಾದ ಹೊಡೆತ.

ಶಕ್ತಿ ತೋಳಿನದಲ್ಲ, ನಡುವಿನದು. ಬಲಗಡೆ ಹುಟ್ಟು ಹಾಕುವಾಗ ಬಲ ಭುಜ ಮುಂದೆ ಹೋಗಬೇಕು, ಎಳೆಯುವಾಗ ಎದೆಯೇ ತಿರುಗಬೇಕು, ಬಲಗಾಲು ಮೆಟ್ಟನ್ನು (ದೋಣಿಯಲ್ಲಿ ಪಾದ ಊರುವ ಆಸರೆ) ಒತ್ತಬೇಕು. ಮೊಣಕಾಲು ಸ್ವಲ್ಪ ಮಡಚಿರುವಂತೆ ಮೆಟ್ಟನ್ನು ಹೊಂದಿಸಿಕೊಳ್ಳಿ. ಕಾಲು ನೇರ ಚಾಚಿದರೆ ಒತ್ತಲು ಬರುವುದಿಲ್ಲ, ಬೆನ್ನೂ ನೋಯುತ್ತದೆ. ಹಿಡಿತದ ಅಗಲ ತಿಳಿಯಲು ಹುಟ್ಟನ್ನು ನೆತ್ತಿಯ ಮೇಲಿಡಿ, ಮೊಣಕೈ ಕಾಟಕೋನದಲ್ಲಿ (90 ಡಿಗ್ರಿ) ಇರಬೇಕು. ಬೊಬ್ಬೆ ಬರುವುದು ಬಿಗಿ ಮುಷ್ಟಿಯಿಂದ. ಎಳೆಯುವ ಕೈ ಬೆರಳು ಕೊಕ್ಕೆಯಾಗಿರಲಿ ಸಾಕು, ತಳ್ಳುವ ಕೈಯ ಬೆರಳು ಸಡಿಲವಾಗಿರಲಿ. ಎರಡು ಹಲಗೆಗಳ ನಡುವೆ ಕೋನ ಹೊಂದಿಸುವ ಹುಟ್ಟಾದರೆ ಸದ್ಯ ಸೊನ್ನೆಗೇ ಇಡಿ.

ಪ್ರಶ್ನೆ: ಮಗುಚಿದರೆ ನೀರಿನ ನಡುವೆಯೇ ಮತ್ತೆ ಹತ್ತುವುದು ಹೇಗೆ? ನಮ್ಮ ಗುಂಪಿನಲ್ಲಿ ಒಬ್ಬರಿಗೆ ಈಜು ಬರುವುದಿಲ್ಲ. (ಯಾದಗಿರಿ)

ಉತ್ತರ: ಈಜು ಬಾರದವರು ಮೊದಲು ಈಜು ಕಲಿಯಲಿ. ಜಾಕೆಟ್ ಇದೆಯಲ್ಲ ಎಂದು ಅವರನ್ನು ಕರೆದೊಯ್ಯುವುದನ್ನು ನಾವು ಒಪ್ಪುವುದಿಲ್ಲ. ಹೆದರಿದವರು ಮೊದಲು ಮಾಡುವ ಕೆಲಸವೇ ಪಕ್ಕದ ದೋಣಿಯನ್ನೂ ಎಳೆದು ಮಗುಚುವುದು.

ಜಾಕೆಟ್ ಎಲ್ಲರಿಗೂ ಕಡ್ಡಾಯ. 50 ನ್ಯೂಟನ್ ತೇಲುಬಲ ಎಂದು ಬರೆದಿರುವುದು ಬೇಕು. ಅಂದರೆ ಸುಮಾರು 5 ಕಿಲೋ ಭಾರ ಎತ್ತುವ ಶಕ್ತಿ. ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿದು, ಗೆಳೆಯನಿಂದ ಎರಡೂ ಭುಜ ಹಿಡಿದು ಮೇಲಕ್ಕೆ ಎಳೆಸಿಕೊಳ್ಳಿ. ಗದ್ದ ದಾಟಿ ಬಂದರೆ ಸಡಿಲವಾಗಿದೆ.

ಮೇಲೆ ಕೂರುವ ದೋಣಿಗೆ ಹತ್ತುವ ಕ್ರಮ ಹೀಗೆ. ಹುಟ್ಟನ್ನು ಬಿಡದೆ ದೋಣಿಯ ನಡುಭಾಗಕ್ಕೆ ಬನ್ನಿ. ತಲೆಕೆಳಗಾಗಿದ್ದರೆ ಆಚೆ ಅಂಚು ಹಿಡಿದು ನಿಮ್ಮ ಕಡೆ ತಿರುವಿ. ಈಗ ಕಾಲು ಕೆಳಗೆ ಬಿಡಬೇಡಿ. ನೀರಿನ ಮೇಲ್ಮೈಗೆ ತಂದು ಜೋರಾಗಿ ಬಡಿಯುತ್ತ ಹೊಟ್ಟೆಯನ್ನು ದೋಣಿಯ ಅಡ್ಡಕ್ಕೆ ಎಳೆದುಕೊಳ್ಳಿ. ಹೊಕ್ಕುಳು ನಡುಗೆರೆಗೆ ಬಂದ ಮೇಲೆ ಹೊರಳಿ ಕುಂಡಿಯನ್ನು ಆಸನಕ್ಕೆ ಇಳಿಸಿ, ಕೊನೆಗೆ ಕಾಲು. ಸೋಲುವವರೆಲ್ಲ ಸೋಲುವುದು ಒಂದೇ ಕಡೆ: ಕಾಲು ದೋಣಿಯ ಅಡಿಗೆ ತೂಗುಬಿಟ್ಟು ಬರೀ ತೋಳಿನಿಂದ ಏರಲು ಹೋಗುತ್ತಾರೆ, ದೋಣಿ ಮತ್ತೆ ಅವರ ಮೇಲೇ ಮಗುಚುತ್ತದೆ.

ಒಳಗೆ ಕೂರುವ ದೋಣಿಗೆ ಗೆಳೆಯ ಬೇಕು. ಮಗುಚಿದವರು ತಮ್ಮ ದೋಣಿಯ ಹಿಂತುದಿಗೆ ಹೋಗಿ ಒತ್ತಬೇಕು. ಸಹಾಯಕ್ಕೆ ಬಂದವರು ಮುಂತುದಿಯನ್ನು ತಮ್ಮ ದೋಣಿಯ ಮೇಲೆ ಅಡ್ಡಲಾಗಿ ಎಳೆದುಕೊಂಡು, ತಲೆಕೆಳಗಾಗಿಯೇ ನೀರು ಸುರಿದು ಹೋಗಲು ಬಿಡಬೇಕು. ಆಮೇಲೆ ತಿರುವಿ, ನೀರಿಗೆ ಜಾರಿಸಿ, ಎರಡು ದೋಣಿಗಳನ್ನೂ ಪಕ್ಕಪಕ್ಕ, ಒಂದರ ಮುಂತುದಿ ಇನ್ನೊಂದರ ಹಿಂತುದಿಗೆ ಬರುವಂತೆ ನಿಲ್ಲಿಸಿ, ಮಗುಚಿದ್ದ ದೋಣಿಯ ಮೇಲೆ ಪೂರ್ತಿ ಮೈಭಾರ ಹಾಕಿ ಹಿಡಿಯಬೇಕು. ನೀರಲ್ಲಿರುವವರು ಹಿಂಭಾಗದ ಮೇಲೆ ಹೊಟ್ಟೆಯಡಿಯಾಗಿ ಏರಿ, ಕಾಲು ಒಳಗೆ ಬಿಟ್ಟು, ಸಹಾಯಕರ ಕಡೆಗೆ ಮುಖವಾಗುವಂತೆ ಹೊರಳಿ ಕೂರಬೇಕು. ಆಚೆ ಹೊರಳಿದರೆ ಮತ್ತೆ ಮಗುಚುತ್ತದೆ.

ಇದನ್ನು ಊರಿನ ಈಜುಕೊಳದಲ್ಲಿ, ಇಲ್ಲವೇ ಎದೆಮಟ್ಟದ ನೀರಿನಲ್ಲಿ, ಎರಡು ನಿಮಿಷದೊಳಗೆ ಹತ್ತಲು ಬರುವವರೆಗೆ ಮಾಡಿ. ಅಲ್ಲಿಯವರೆಗೆ ದಂಡೆಯಿಂದ ಐವತ್ತು ಅಡಿ ಆಚೆ ಹೋಗಬೇಡಿ. ಕೃಷಿ ಹೊಂಡದಲ್ಲಿ ಮಾತ್ರ ಅಭ್ಯಾಸ ಬೇಡ. ಅದರ ಪ್ಲಾಸ್ಟಿಕ್ ಹಾಸು ಪಾಚಿಗಟ್ಟಿ ಜಾರುತ್ತದೆ, ಈಜು ಬಲ್ಲವರಿಗೂ ಹತ್ತಿ ಬರಲು ಆಗುವುದಿಲ್ಲ.

ಪ್ರಶ್ನೆ: ಮಳೆ ಬಂದಾಗ ಕಾಗಿಣಾ ಚೆಂದ ಹರಿಯುತ್ತದೆ. ಆಗ ಕಯಾಕ್ ಇಳಿಸಬಹುದೇ? (ಸೇಡಂ)

ಉತ್ತರ: ಹೊಸಬರು ಇಳಿಸಬಾರದು. ಹೊಳೆಯ ಮೇಲ್ಭಾಗದಲ್ಲಿ, ತೆಲಂಗಾಣದ ತಾಂಡೂರು ಕಡೆ ಮಳೆಯಾದರೆ ಕಾಗಿಣಾ ತಾಸುಗಳಲ್ಲೇ ಏರುತ್ತದೆ. ತಳದಲ್ಲಿ ಫರಸಿ ಕಲ್ಲಿನ ಪದರಗಳು ಮೆಟ್ಟಿಲಾಗಿ ಚಾಚಿವೆ, ಅವುಗಳ ಸಂದಿಗೆ ಕಾಲು ಸಿಕ್ಕಿದರೆ ಸೆಳವು ಮೈಯನ್ನು ಮುಂದಕ್ಕೆ ಮಡಚಿ ಮುಳುಗಿಸುತ್ತದೆ. ನೀರಿನ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಹರಿಯುವ ನೀರಿಗೆ ಬಿದ್ದವರು ಎದ್ದು ನಿಲ್ಲಲು ಹೋಗದೆ, ಅಂಗಾತ ಮಲಗಿ ಪಾದ ಮುಂದೆ ಚಾಚಿ ತೇಲುತ್ತ ಓರೆಯಾಗಿ ದಂಡೆಗೆ ಸರಿಯಬೇಕು.

ಪ್ರಶ್ನೆ: ಮೊಸಳೆಗಳ ಭಯ ಎಷ್ಟು? (ಸುರಪುರ)

ಉತ್ತರ: ಕೃಷ್ಣೆಯಲ್ಲೂ ಭೀಮೆಯಲ್ಲೂ ಮೊಸಳೆಗಳಿವೆ. ಚಳಿಗಾಲದ ಬೆಳಿಗ್ಗೆ ಮರಳದಿಣ್ಣೆ, ಬಂಡೆಗಳ ಮೇಲೆ ಬಿಸಿಲು ಕಾಯುತ್ತವೆ. ಕಂಡರೆ ನೂರು ಮೀಟರ್ ಬಿಟ್ಟು ಸುತ್ತಿ ಹೋಗಿ. ಅದು ನೀರಿಗೆ ಇಳಿಯುವ ದಾರಿಗೆ ಅಡ್ಡ ಬರಬೇಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮೊಟ್ಟೆಯಿಡುವ ಕಾಲ, ಆಗ ಮರಳದಿಣ್ಣೆಗೆ ಕಾಲಿಡಲೇಬೇಡಿ. ನಸುಕು, ಮುಸ್ಸಂಜೆ ಎರಡೂ ಬೇಡ. ಯಾವ ಮಡುವಿನಲ್ಲಿ ಮೊಸಳೆ ಇದೆ ಎಂದು ಮೀನುಗಾರರಿಗೆ ಗೊತ್ತಿರುತ್ತದೆ, ಅವರು ಬೇಡ ಎಂದ ಕಡೆ ಇಳಿಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವು ರಕ್ಷಿತ ಪ್ರಾಣಿಗಳು. ಫೋಟೊಗಾಗಿ ಕಲ್ಲೆಸೆದು ಕೆಣಕುವುದು ಅಪರಾಧ.

ಪ್ರಶ್ನೆ: ಬಲೆ, ಅಂತರಗಂಗೆ, ರೈತರ ಮೋಟಾರು ಎಲ್ಲ ಇರುವ ಹೊಳೆಯಲ್ಲಿ ದಾರಿ ಹೇಗೆ ಮಾಡಿಕೊಳ್ಳುವುದು? (ಅಫಜಲಪುರ)

ಉತ್ತರ: ಇವುಗಳಲ್ಲಿ ಮೋಟಾರೇ ಅಪಾಯ. ದಂಡೆಯಿಂದ ನೀರಿಗೆ ಇಳಿದ ತ್ರೀ ಫೇಸ್ ವೈರು ಎಲ್ಲಿ ಸುಲಿದಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಅಲ್ಯೂಮಿನಿಯಂ ಹಿಡಿಕೆಯ ಹುಟ್ಟಿಗೆ ವಿದ್ಯುತ್ ಹರಿಯಲು ತಡವಿಲ್ಲ. ಪಂಪು ಕಂಡಲ್ಲೆಲ್ಲ ಹೊಳೆಯ ನಡುವಿಗೆ ಸರಿದು ದಾಟಿ, ಜೋತುಬಿದ್ದ ವೈರಿನ ಕೆಳಗೆ ಹುಟ್ಟು ಎತ್ತಬೇಡಿ.

ಥರ್ಮಾಕೋಲ್ ತುಂಡು, ಖಾಲಿ ಬಾಟಲಿ ಸಾಲಾಗಿ ತೇಲುತ್ತಿದ್ದರೆ ಅದು ಬಲೆ. ಸಾಲಿನ ತುದಿ ಸುತ್ತಿ ಹೋಗಿ. ಬೇರೆ ದಾರಿ ಇಲ್ಲದಿದ್ದರೆ ಎರಡು ತೇಲುಗಳ ನಡುವೆ, ಹಗ್ಗ ಜಗ್ಗಿ ಇಳಿದಿರುವ ಕಡೆ, ಹುಟ್ಟು ಎತ್ತಿ ಹಿಡಿದು ದೋಣಿಯನ್ನು ಜಾರಲು ಬಿಡಿ. ಜಾಕೆಟ್‌ನಲ್ಲಿ ಸಣ್ಣ ಚಾಕು ಇರಲಿ, ಆದರೆ ಅದು ಜೀವಕ್ಕೆ ಬಂದಾಗ ಮಾತ್ರ. ಬಲೆ ಒಬ್ಬರ ಹೊಟ್ಟೆಪಾಡು. ಅಂತರಗಂಗೆಯೊಳಗೆ ನುಗ್ಗಿದರೆ ಹುಟ್ಟಿಗೆ ನೀರೇ ಸಿಗುವುದಿಲ್ಲ. ಸಿಕ್ಕಿಬಿದ್ದರೆ ತಿರುಗಲು ಹೋಗದೆ, ಬಂದ ದಾರಿಯಲ್ಲೇ ಹಿಂದಕ್ಕೆ ಹುಟ್ಟು ಹಾಕಿ.

ಪ್ರಶ್ನೆ: ವಾರಕ್ಕೆ ಮೂರು ದಿನ ಸಿಗುತ್ತದೆ. ಸ್ಪರ್ಧೆಯ ಆಸೆಯಿದೆ. ತರಬೇತಿ ಹೇಗೆ? (ಬೀದರ್)

ಉತ್ತರ: ಮೊದಲ ಮೂರು ವಾರ ಬರೀ ಹೊಡೆತ ತಿದ್ದಿಕೊಳ್ಳಿ, ಒಂದು ಸಲಕ್ಕೆ 40 ನಿಮಿಷ. ಆಮೇಲೆ ಒಂದು ದಿನ 10 ನಿಮಿಷ ಮೈ ಕಾಯಿಸಿ, 3 ನಿಮಿಷ ಜೋರು, 2 ನಿಮಿಷ ನಿಧಾನ, ಹೀಗೆ ಐದು ಸುತ್ತು. ಇನ್ನೊಂದು ದಿನ 30 ಸೆಕೆಂಡಿನ ಪೂರ್ಣ ವೇಗ, 90 ಸೆಕೆಂಡ್ ವಿರಾಮ, ಎಂಟು ಸಲ. ಮೂರನೆಯ ದಿನ ಗೆಳೆಯರ ಜೊತೆ ಮಾತಾಡುತ್ತ ಹೋಗುವ ವೇಗದಲ್ಲಿ 6 ಕಿಲೋಮೀಟರ್. ವಾರಕ್ಕೆ ಒಂದು ಕಿಲೋಮೀಟರ್‌ಗಿಂತ ಹೆಚ್ಚಿಸಬೇಡಿ. ಕೈ ಭುಜಕ್ಕಿಂತ ಮೇಲೆ, ಹಿಂದೆ ಹೋಗದಿರಲಿ, ಭುಜದ ಕೀಲು ತಪ್ಪುವುದು ಆಗಲೇ. ತಾಸಿಗೆ ಅರ್ಧ ಲೀಟರ್ ನೀರು, ಬಿಸಿಲಾದರೆ ಒಂದು ಲೀಟರ್‌ಗೆ ಒಂದು ಓಆರ್‌ಎಸ್ ಪೊಟ್ಟಣ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚೆನ್ನಾಗಿಯೇ ಆಗುತ್ತದೆ. ಸ್ಪರ್ಧೆಯ ಕೆ-1 (ಒಬ್ಬರೇ ಕೂರುವ) ದೋಣಿ 5.2 ಮೀಟರ್ ಉದ್ದ, ತೀರ ಕಿರಿದು, ಅಲುಗಾಡುತ್ತದೆ. ಅದಕ್ಕೆ ತರಬೇತುದಾರರು ಬೇಕೇ ಬೇಕು.

ಪ್ರಶ್ನೆ: ಕಾರಿನ ಮೇಲೆ ಕಟ್ಟಿ ತಂದ ಕಯಾಕ್ ತಳ ತಗ್ಗಾಗಿದೆ. ಹಾಳಾಯಿತೇ? (ಚಿತ್ತಾಪುರ)

ಉತ್ತರ: ಇಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಮೆತ್ತಗಾಗಿರುವಾಗ ಪಟ್ಟಿ ಬಿಗಿದದ್ದರಿಂದ ಹಾಗಾಗಿದೆ. ತಳ ಮೇಲಾಗಿಸಿ ಒಂದು ಮಧ್ಯಾಹ್ನ ಬಿಸಿಲಿಗಿಡಿ. ಬಾರದಿದ್ದರೆ ತಗ್ಗಿನ ಮೇಲೆ ಬಿಸಿನೀರು ಸುರಿದು ಒಳಗಿನಿಂದ ಅಂಗೈಯಲ್ಲಿ ಒತ್ತಿ, ಆಕಾರ ಬಂದ ಕೂಡಲೇ ತಣ್ಣೀರು ಹಾಕಿ. ಮುಂದೆ ಕಟ್ಟುವಾಗ ದೋಣಿಯನ್ನು ಬೋರಲಾಗಿಟ್ಟು, ರ‍್ಯಾಚೆಟ್ (ಹಿಡಿಕೆ ಆಡಿಸಿ ಬಿಗಿಯುವ ಸಾಧನ) ಇರುವ ಪಟ್ಟಿ ಬಿಟ್ಟು, ಕೈಯಿಂದ ಎಳೆಯುವ ಪಟ್ಟಿ ಎರಡು ಹಾಕಿ, ಮುಂತುದಿಯಿಂದ ಬಂಪರ್‌ಗೆ ಒಂದು ಹಗ್ಗ ಕಟ್ಟಿ. ಮನೆಯಲ್ಲಿ ನೆರಳಿನಲ್ಲಿ, ಬದಿಯ ಮೇಲೆ ನಿಲ್ಲಿಸಿಡಿ.