‘ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲವಲ್ಲ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಪ್ರವಾಹದ ಮೂರನೇ ವರ್ಷದ ಸ್ಮರಣೆ ಸಮೀಪಿಸಿದಾಗ ನಡುವಯಸ್ಸಿನ ಆ ಮಹಿಳೆ ಆಪ್ತಸಲಹೆಗಾಗಿ ನನ್ನಲ್ಲಿಗೆ ಬಂದರು. ರಾತ್ರಿ ಮಳೆ ಹನಿದರೆ ಸಾಕು, ಎದ್ದು ಹೋಗಿ ಬಾಗಿಲ ಬಳಿಯ ನೆಲ ಮುಟ್ಟಿ ನೋಡುತ್ತಿದ್ದರು. ಎದೆ ಡವಗುಟ್ಟುತ್ತದೆಂದು ವೈದ್ಯರಿಗೂ ತೋರಿಸಿದ್ದರು, ಹೃದಯದಲ್ಲಿ ದೋಷವಿರಲಿಲ್ಲ. ಹಿಂದಿನ ವರ್ಷವೂ ಇದೇ ದಿನಗಳಲ್ಲಿ ಹೀಗಾಗಿ ತಾನಾಗಿ ಇಳಿದಿತ್ತು.

ನಿಜವಾದ ಕುತ್ತು ಹೊರಬಂದದ್ದು ಆಮೇಲೆ. “ನನ್ನದು ಮನೆ ಮಾತ್ರ ಹೋಯಿತು ಮೇಡಂ. ಪಕ್ಕದ ಮನೆಯ ಅಕ್ಕ ಮಗಳನ್ನೇ ಕಳೆದುಕೊಂಡರು. ಅವರೆದುರು ಕೂತು ಅಳುವುದಕ್ಕೆ ನನಗೆ ಯಾವ ಮುಖವಿದೆ?” ನೀರು ಇಳಿದ ಮೇಲೆ ಇಬ್ಬರಿಗೂ ಬೇರೆ ಬೇರೆ ಬಡಾವಣೆಗಳಲ್ಲಿ ಮನೆ ಸಿಕ್ಕಿತ್ತು. ಅಂದಿನಿಂದ ಇವರು ಅಕ್ಕನ ಮನೆಗೆ ಹೋಗಿಲ್ಲ, ಫೋನೂ ಮಾಡಿಲ್ಲ.

ದುರಂತದ ದಿನ ಮರಳಿ ಬರುವಾಗ ನಿದ್ದೆ ಕೆಡುವುದು, ಬೆಚ್ಚುವುದು, ಸಿಡುಕುವುದು ಬಹಳ ಜನರಿಗೆ ಆಗುತ್ತದೆ. ಮನಸ್ಸು ಮರೆತಂತಿದ್ದರೂ ಅದೇ ಹವೆ, ಅದೇ ವಾಸನೆ, ಅದೇ ಸದ್ದು ದೇಹವನ್ನು ಎಚ್ಚರಿಸುತ್ತವೆ. ಅದು ಹುಚ್ಚಿನ ಲಕ್ಷಣವಲ್ಲ ಎಂದು ಮೊದಲು ಹೇಳಿದೆ. ದುಃಖಕ್ಕೆ ಅರ್ಹತೆ ಬೇಕೆಂಬ ಅವರ ನಂಬಿಕೆಯನ್ನಂತೂ ನಾನು ಒಪ್ಪಲೇ ಇಲ್ಲ. 1972ರ ಫೆಬ್ರುವರಿ 26ರಂದು ಅಮೆರಿಕದ ಬಫಲೋ ಕ್ರೀಕ್ ಕಣಿವೆಯಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯದ ಕಟ್ಟೆ ಒಡೆದು 125 ಜನ ಸತ್ತರು. ಉಳಿದವರಿಗೆ ತಾತ್ಕಾಲಿಕ ವಸತಿ ಕೊಡುವಾಗ ಯಾರ ನೆರೆಯವರು ಯಾರೆಂದು ನೋಡಲೇ ಇಲ್ಲ. ಹಾಗೆ ನೆರೆಹೊರೆ ಚದುರಿದ್ದೂ ಒಂದು ಆಘಾತವೇ ಎಂದು ಅಲ್ಲಿ ಅಧ್ಯಯನ ಮಾಡಿದವರು ಕಂಡುಕೊಂಡರು. ಇದನ್ನು ಕೇಳಿ ಅವರು ಬಹಳ ಹೊತ್ತು ಅತ್ತರು. ಮೂರು ವರ್ಷಗಳಲ್ಲಿ ಇನ್ನೊಬ್ಬರೆದುರು ಅತ್ತದ್ದು ಅದೇ ಮೊದಲಂತೆ.

ಪ್ರವಾಹದ ಸ್ಮರಣೆಯ ಸಭೆಗೆ ಹೋಗಲೇಬೇಕೆಂದು ನಾನು ಹೇಳಲಿಲ್ಲ. ಹೋಗದಿದ್ದರೆ ಸತ್ತವರಿಗೆ ಅವಮಾನವೂ ಅಲ್ಲ. ಆದರೆ ಅಕ್ಕನನ್ನು ತಪ್ಪಿಸಿಕೊಂಡು ತಿರುಗುವುದು ಇವರ ಬದುಕನ್ನು ಇಕ್ಕಟ್ಟು ಮಾಡುತ್ತಿತ್ತು. ಹಾಗಾಗಿ ಜನಸಂದಣಿಯಲ್ಲಿ ಎದುರಾಗುವ ಮೊದಲೇ ಅವರ ಮನೆಗೆ ಹೋಗಿ ಬನ್ನಿ ಎಂದೆ. “ಇಷ್ಟು ದಿನ ಬರಲು ಧೈರ್ಯ ಸಾಲಲಿಲ್ಲ” ಎಂದರೆ ಸಾಕು. ಮಗುವಿನ ಹೆಸರು ಹೇಳಲು ಹಿಂಜರಿಯಬೇಡಿ. “ಆಗಿದ್ದು ಒಳ್ಳೆಯದಕ್ಕೇ” ಎಂಬಂಥ ಮಾತು ಮಾತ್ರ ಬೇಡವೇ ಬೇಡ. ಸಭೆಯಲ್ಲಿ ಬಾಗಿಲಿಗೆ ಹತ್ತಿರ ಕೂರಿ, ಉಸಿರು ಕಟ್ಟಿದಂತಾದರೆ ಹೊರಗೆ ಬನ್ನಿ. ಆ ವಾರ ಪ್ರವಾಹದ ಹಳೆಯ ವಿಡಿಯೊಗಳನ್ನು ನೋಡಬೇಡಿ. ದಿನ ಕಳೆದ ಮೇಲೂ ಕೆಲವು ವಾರ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಸಾಯಬೇಕೆನಿಸಿದರೆ ಒಂದು ದಿನವೂ ಕಾಯಬಾರದು.

ಅವರು ಹೋದರು. ಅಕ್ಕ ಮೊದಲು ಸಿಟ್ಟಾದರು, “ನೀನೂ ಬಿಟ್ಟುಹೋದೆಯಲ್ಲ” ಎಂದರು. ಆಮೇಲೆ ಮಾತಾಡಿದರು.

ಸಭೆಯಲ್ಲಿ ಪ್ರವಾಹದ ದೃಶ್ಯಗಳನ್ನು ದೊಡ್ಡ ಪರದೆಯ ಮೇಲೆ ತೋರಿಸುವ ಯೋಜನೆಯಿತ್ತು. ಮುನ್ಸೂಚನೆಯಿಲ್ಲದೆ ಹಾಗೆ ತೋರಿಸುವುದು ಕ್ರೌರ್ಯವೆಂದೇ ನನ್ನ ಅಭಿಪ್ರಾಯ. ಇಬ್ಬರೂ ಒಟ್ಟಾಗಿ ಹೋಗಿ ಸಂಘಟಕರನ್ನು ಕೇಳಿಕೊಂಡರು. ವಿಡಿಯೊವನ್ನು ಬೇರೆ ಕೋಣೆಗೆ ಸಾಗಿಸಿ, ಒಳಗೆ ಏನಿದೆ ಎಂದು ಬಾಗಿಲಲ್ಲೇ ಬರೆದು ಹಾಕಿದರು.