ಸ್ವಂತ ತೋಟದ ಸಿಲ್ವರ್ ಮರದಲ್ಲಿ ನಾಲ್ಕು ಮನೆಯವರ ಕಟ್ಟಡ: ಗೌಡ್ರ ಪ್ರಶ್ನೆಗೆ ಉತ್ತರ

ಗೌಡ್ರೇ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿನೇ ನೋಡಿದ್ದೆ. ಎರಡು ಸಾಲಲ್ಲಿ ಮುಗಿಯೋ ಉತ್ತರ ಅಲ್ಲ ಅಂತ ಇವತ್ತು ಅಡಿಕೆ ಸುಲಿಯೋರನ್ನ ಕಳಿಸಿ ಕೂತೆ. ದಾಯಾದಿಗಳ ನಾಲ್ಕು ಮನೆಗೂ ಸೇರಿ ಒಂದು ಕಟ್ಟಡ, 24ಕ್ಕೆ 16 ಅಡಿ, ನೆಂಟರು ಬಂದರೆ ಉಳಿಯೋಕೆ, ಸಂಘದ ಸಭೆಗೆ, ಊಟದ ಪಂಕ್ತಿಗೆ. ಮರ ಕಾಫಿ ತೋಟದ ಸಿಲ್ವರ್ (ಸಿಲ್ವರ್ ಓಕ್), ಬೇಲಿ ಬದಿಯ ಅಕೇಶಿಯಾ. ಈ ಬೇಸಿಗೆಯಲ್ಲಿ ಕಡಿದು ಮಳೆಗಾಲದೊಳಗೆ ಹಂಚು ಹೊದಿಸಬೇಕು, ಸಿಲ್ವರ್ ತಾಳುತ್ತಾ ಅಂತ ಕೇಳಿದ್ದೀರಿ. ಸಿಲ್ವರ್ ತಾಳುತ್ತೆ. ತಾಳದೇ ಇರೋದು ನಿಮ್ಮ ಮೂರು ತಿಂಗಳ ಲೆಕ್ಕ.

ನಾನು ಇದನ್ನ ಮಾಡಿ ಅನುಭವಿಸಿದವನು. ಏಪ್ರಿಲಲ್ಲಿ ಕಡಿಸಿ, ಮೇ ತಿಂಗಳಲ್ಲಿ ಸಾ ಮಿಲ್ಲಿಂದ ತಂದ ಹಸಿ ಹಲಗೆನೇ ಅಟ್ಟಕ್ಕೆ ಹೊಡೆಸಿದೆ. 8 ಇಂಚಿನ ಹಲಗೆಗಳು, ಒಂದಕ್ಕೊಂದು ಕೂದಲೂ ತೂರದ ಹಾಗೆ ಕೂತಿದ್ದವು. ಮಳೆಗಾಲ ಕಳೆದು ಫೆಬ್ರವರಿ ಬಂದಾಗ ಸಂದಿ ಅರ್ಧ ಇಂಚು. ಮೇಲೆ ಮಗ ಓಡಾಡಿದರೆ ಕೆಳಗೆ ಅನ್ನದ ತಟ್ಟೆಗೆ ಅಡಿಕೆ ಸಿಪ್ಪೆ ಪುಡಿ. ಎರಡನೇ ವರ್ಷ ಕುಟ್ಟೆ (ಮರ ಕೊರೆಯೋ ಹುಳ) ಹಿಡೀತು, ಬೆಳಿಗ್ಗೆ ನೆಲದ ಮೇಲೆ ರಾಗಿ ಹಿಟ್ಟಿನಷ್ಟು ನುಣ್ಣಗಿನ ಪುಡಿ ಸಾಲಾಗಿ ಬಿದ್ದಿರುತ್ತಿತ್ತು. ಮಿಲ್ಲಿನವರು "ಚೆನ್ನಾಗಿ ಒಣಗಿದೆ" ಅಂದಿದ್ದರು, ನಾನು ನಂಬಿದ್ದೆ. ಬಾಯಿ ಮಾತು ನಂಬಬೇಡಿ, ತೂಕ ನಂಬಿ.

ತೂಕದ ವಿಷಯ ಹೇಳ್ತೀನಿ. ಕೊಯ್ಸಿದ ಮರವನ್ನ ಗಾಳಿಯಾಡೋ ನೆರಳಲ್ಲಿ, ನೆಲದಿಂದ ಒಂದೂವರೆ ಅಡಿ ಮೇಲೆ, ಪ್ರತಿ ಪದರಕ್ಕೂ ನಡುವೆ ಒಂದೇ ದಪ್ಪದ ರೀಪು (ಸಣ್ಣ ಮರದ ಪಟ್ಟಿ) ಇಟ್ಟು ಜೋಡಿಸಿ. ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು, ಇಲ್ಲದಿದ್ದರೆ ಹಲಗೆ ಹಾವಿನ ಹಾಗೆ ಡೊಂಕಾಗುತ್ತೆ. ತುದಿ ಸೀಳಬಾರದು ಅಂದರೆ ಎರಡೂ ತುದಿಗೆ ಮೇಣನೋ ಹಳೆ ಪೇಂಟೋ ಬಳೀರಿ. ರಾಶಿಯಿಂದ ಒಂದು ತುಂಡು ಗುರುತು ಮಾಡಿ ಹದಿನೈದು ದಿನಕ್ಕೊಮ್ಮೆ ಅಡಿಕೆ ತೂಗೋ ತಕ್ಕಡಿಗೆ ಹಾಕಿ, ತುಂಡಿನ ಮೇಲೇ ತಾರೀಕು, ತೂಕ ಬರೆದಿಡಿ. ಬೇಸಿಗೆಯಲ್ಲೇ ಸತತ ಮೂರು ಸಲ ತೂಕ ಇಳಿಯದೆ ನಿಂತರೆ ಮರ ಒಣಗಿದೆ. ಇಂಚಿನ ಹಲಗೆಗೆ ಒಂದು ಬೇಸಿಗೆ ಸಾಕಾಗಬಹುದು. ತೊಲೆಗೆ ವರ್ಷ ಬೇಕು. ಅಂದರೆ ಈ ಬೇಸಿಗೆಯಲ್ಲಿ ಕಡೀರಿ, ಮುಂದಿನ ಬೇಸಿಗೆಯಲ್ಲಿ ಕಟ್ಟಿ. ಈ ಮಳೆಗಾಲಕ್ಕೆ ತಳಪಾಯ, ಕಲ್ಲಿನ ಕೆಲಸ ಮಾಡ್ಕೊಳ್ಳಿ.

ಕುಟ್ಟೆಗೆ ಮದ್ದು ನಾವು ಅಡಿಕೆಗೆ ಬೋರಾನ್ ಅಂತ ಕೊಡ್ತೀವಲ್ಲ, ಅದೇ ಬೊರಾಕ್ಸ್. ಜೊತೆಗೆ ಬೋರಿಕ್ ಆಸಿಡ್ ಬೇಕು. 100 ಲೀಟರ್ ನೀರಿಗೆ 3 ಕಿಲೋ ಬೊರಾಕ್ಸ್, 2 ಕಿಲೋ ಬೋರಿಕ್ ಆಸಿಡ್, ಮೊದಲು ಸ್ವಲ್ಪ ಬಿಸಿ ನೀರಲ್ಲಿ ಕರಗಿಸಿಕೊಂಡು ಉಳಿದ ನೀರು ಸೇರಿಸಿ. ಗುಂಡಿ ತೋಡಿ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ ಹಾಸಿದರೆ ಅದೇ ತೊಟ್ಟಿ. ಇಲ್ಲಿ ಮಾತ್ರ ಮರ ಹಸಿ ಇರಬೇಕು, ಕೊಯ್ಸಿದ ವಾರದೊಳಗೆ ಮುಳುಗಿಸಿ. ಒಣಗಿದ ಮೇಲೆ ಬ್ರಶ್ಶಲ್ಲಿ ಬಳಿದರೆ ಚರ್ಮಕ್ಕಷ್ಟೇ. ಇಂಚಿನ ಹಲಗೆ ನಾಲ್ಕೈದು ದಿನ, ದಪ್ಪದ್ದು ಎರಡು ವಾರ. ತೆಗೆದ ಮೇಲೆ ಇನ್ನೂ ಎರಡು ಮೂರು ವಾರ ಟಾರ್ಪಾಲು ಮುಚ್ಚಿಟ್ಟರೆ ಮದ್ದು ಒಳಕ್ಕೆ ಇಳಿಯುತ್ತೆ, ಆಮೇಲೆ ಒಣಹಾಕಿ. ಇದು ಉಪ್ಪಿನ ಹಾಗೆ, ಮಳೆ ಬಡಿದರೆ ತೊಳೆದು ಹೋಗುತ್ತೆ. ಹಾಗಾಗಿ ಸೂರಿನೊಳಗಿನ ಮರಕ್ಕೆ ಮಾತ್ರ. ಉಳಿದ ನೀರನ್ನ ಅಡಿಕೆ ಬುಡಕ್ಕೆ ಚೆಲ್ಲಬೇಡಿ! ಗಿಡಕ್ಕೆ ಬೋರಾನ್ ಚಿಟಿಕೆಯಷ್ಟು ಬೇಕು, ಬಕೆಟ್ಟುಗಟ್ಟಲೆ ಹೋದರೆ ಎಲೆ ಸುಡುತ್ತೆ.

ಹೊರಗಿನ ಮರಕ್ಕೆ ಗೇರೆಣ್ಣೆ. ಗೆದ್ದಲಿಗೆ ನಮ್ಮ ಹಿರಿಯರು ಬಳೀತಿದ್ದಿದ್ದು ಅದನ್ನೇ. ಗೇರುಬೀಜದ ಸಿಪ್ಪೆ ಎಣ್ಣೆ ಕೈ ಸುಡುತ್ತೆ, ಗ್ಲೌಸ್ ಹಾಕ್ಕೊಳ್ಳಿ. ಹಳೆ ಎಂಜಿನ್ ಆಯಿಲ್ ಬಳೀರಿ ಅಂತ ಗುಂಪಲ್ಲಿ ಯಾರೋ ಸಲಹೆ ಕೊಟ್ಟಿದ್ದಾರೆ. ಮಲಗೋ ಜಾಗಕ್ಕೆ ಅದು ಬೇಡ, ವಾಸನೆ ಹೋಗಲ್ಲ.

ಕಂಬ ಅಕೇಶಿಯಾದ ಕೆಚ್ಚಿನದೇ (ಒಳಗಿನ ಗಟ್ಟಿ ಭಾಗದ್ದೇ) ಇರಲಿ, ಹೊರಗಿನ ಬಿಳಿ ಭಾಗ ಕೆತ್ತಿ ಬಿಸಾಕಿ. ಅದು ನೇರ ಬೆಳೆಯೋ ಜಾತಿ ಅಲ್ಲ, ಉದ್ದದ ಆಸೆ ಬಿಟ್ಟು 8 ಅಡಿಯ ತುಂಡುಗಳನ್ನ ಆರಿಸಿ. ಹಳೆ ಮನೆ ಕೆಡವಿದ ಕಿರಾಲುಬೋಗಿ, ಮತ್ತಿ ಕಂಬ ಸಿಕ್ಕರೆ ಹೊಸದನ್ನ ಕಡೀಲೇಬೇಡಿ. ಯಾವ ಕಂಬವೂ ಮಣ್ಣು ಮುಟ್ಟಬಾರದು, ಸಿಮೆಂಟಲ್ಲಿ ಹೂಳಲೂಬಾರದು, ಒಳಗೆ ನೀರು ನಿಂತು ಬುಡ ಕೊಳೆಯುತ್ತೆ. ಬೆಂಗಳೂರಿಗೆ ಹೋದಾಗ ಕೋಟೆ ಹತ್ತಿರ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆ ನೋಡಿ. ಎಲ್ಲರೂ ಕತ್ತೆತ್ತಿ ಕಮಾನು ನೋಡ್ತಾರೆ, ನೀವು ಬಗ್ಗಿ ತೇಗದ ಕಂಬದ ಕೆಳಗಿನ ಕಲ್ಲು ನೋಡಿ. ನಿಮ್ಮಲ್ಲಿ ಒಂದೂವರೆ ಅಡಿ ಎತ್ತರದ ಕಲ್ಲು, ಅದರ ಮೇಲೆ ತಗಡಿನ ತುಂಡು, ಆಮೇಲೆ ಕಂಬ. ಗೆದ್ದಲು ಹತ್ತಿದರೂ ಮಣ್ಣಿನ ಗೀಟು ಕಲ್ಲಿನ ಮೇಲೆ ಕಣ್ಣಿಗೆ ಬೀಳುತ್ತೆ, ಪೊರಕೆಯಲ್ಲಿ ಉಜ್ಜಿದರಾಯ್ತು.

ಸೂರು ನಾಲ್ಕೂ ಕಡೆ ಗೋಡೆಯಿಂದ 3 ಅಡಿ ಹೊರಕ್ಕೆ ಚಾಚಲಿ. ನಮ್ಮ ಕಡೆ ಮಳೆ ನೆಟ್ಟಗೆ ಬೀಳಲ್ಲ. 16 ಅಡಿ ಅಗಲಕ್ಕೆ ನಡು ಎತ್ತರ ಐದೂವರೆ ಅಡಿ ಕೊಟ್ಟರೆ ಮಂಗಳೂರು ಹಂಚಿಗೆ ಬೇಕಾದ ಇಳಿಜಾರು ಬರುತ್ತೆ. ಆಗ ಮಾಡು ಹೆಚ್ಚುಕಮ್ಮಿ 8 ಚದರ (ಒಂದು ಚದರ ಅಂದರೆ 100 ಚದರ ಅಡಿ), ಚದರಕ್ಕೆ 150ರಂತೆ 1,200 ಹಂಚು, ತೂಕ ಸುಮಾರು 3 ಟನ್. ಪಕಾಸಿ (ಮಾಡಿನ ಇಳಿಜಾರಿಗೆ ಹಾಕೋ ಮರ) 2 ಇಂಚಿಗೆ 5 ಇಂಚು, 2 ಅಡಿಗೊಂದು, ಒಟ್ಟು 32. ಒಂದೊಂದೂ 14 ಅಡಿ ಅಂದರೆ ಸುಮಾರು 31 ಘನ ಅಡಿ ಸಿಲ್ವರ್. ಇದಕ್ಕೆ ಹಾಳಾಗೋದು, ಸೀಳೋದು ಅಂತ ಕಾಲು ಭಾಗ ಸೇರಿಸಿ. ನಡುವಿನ ತೊಲೆಯ ಅಳತೆ ಮಾತ್ರ ಇಂಜಿನಿಯರ್ ಹತ್ತಿರ ಕೇಳಿ, ಗುಂಪಲ್ಲಿ ಬೇಡ. ಹಂಚು ಕೂರಿಸೋ ರೀಪಿನ ಅಂತರಕ್ಕೆ ಪುಸ್ತಕ ನೋಡಬೇಡಿ, ನೀವು ತಂದ ಹಂಚನ್ನೇ ನಾಲ್ಕು ಸಾಲು ಜೋಡಿಸಿ ಅಳೆದುಕೊಳ್ಳಿ.

ಭಾರ ಹೊರೋ ಪಟ್ಟಿಯನ್ನ ಅಗಲದ ಬದಿ ಕೆಳಗಾಗೋ ಹಾಗೆ ಮಲಗಿಸಬೇಡಿ ಅಂತ ಆಚಾರ್ರಿಗೆ ಹೇಳೋದೇ ಬೇಡ, ಆದರೆ ಹೊಸ ಹುಡುಗರು ಮಲಗಿಸ್ತಾರೆ. 3 ಇಂಚಿಗೆ 6 ಇಂಚಿನ ಪಟ್ಟಿ ನಿಲ್ಲಿಸಿದರೆ ಮಲಗಿಸಿದ್ದಕ್ಕಿಂತ ಎರಡು ಪಟ್ಟು ಭಾರ ಹೊರುತ್ತೆ, ಬಾಗೋದು ನಾಲ್ಕರಲ್ಲಿ ಒಂದು ಪಾಲು. ಮರ ಅಷ್ಟೇ, ದುಡ್ಡೂ ಅಷ್ಟೇ.

ಜೋಡಣೆಗೆ ಫೆವಿಕಾಲ್ ಬೇಡ. ತೂತು ಕೊರೆದು ಮರದ ಬೆಣೆ ಹೊಡೆಯೋ ಹಳೆ ಪದ್ಧತಿ, ದೊಡ್ಡ ಜಾಗದಲ್ಲಿ ಬೋಲ್ಟು-ವಾಷರ್. ಹತ್ತು ವರ್ಷಕ್ಕೆ ಒಂದು ಪಕಾಸಿ ಹೋದರೆ ಅದೊಂದನ್ನೇ ಬಿಚ್ಚಿ ಬದಲಿಸೋಕೆ ಬರಬೇಕು. ಇದೇ ಕಾರಣಕ್ಕೆ ಒಣಗಿಸಿದ ನಾಲ್ಕು ಪಕಾಸಿ, ಎಂಟು ಹಲಗೆ, ಐವತ್ತು ಹಂಚು ಅಟ್ಟದ ಮೇಲೆ ಇಟ್ಟುಬಿಡಿ. ಒಲೆ ಈ ಕಟ್ಟಡದೊಳಗೆ ಬೇಡ, ಅಡುಗೆಗೆ ಪಕ್ಕದಲ್ಲಿ ಕಲ್ಲಿನದೇ ಸಣ್ಣ ಕೋಣೆ.

ಕಾನೂನು: ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಕಡಿಯೋಕೆ ಅನುಮತಿ ಬೇಕಿಲ್ಲ. ಬೇರೆ ಜಾತಿ ಮುಟ್ಟೋ ಮುಂಚೆ, ಮಿಲ್ಲಿಗೆ ಸಾಗಿಸೋ ಮುಂಚೆ ಅರಣ್ಯ ಇಲಾಖೆಯ ರೇಂಜ್ ಆಫೀಸಲ್ಲಿ ಕೇಳಿ. ಬೀಟೆ, ಗಂಧದ ಸುದ್ದಿಗೇ ಹೋಗಬೇಡಿ. ಮೆಣಸು ಹಬ್ಬಿದ ಸಿಲ್ವರ್ ಬಿಟ್ಟು ಬರಿದೇ ನಿಂತಿದ್ದನ್ನ ಆರಿಸಿ, ಬಳ್ಳಿ ಕಳಕೊಂಡು ಮನೆ ಕಟ್ಟಿದರೆ ಮನೆಯವರು ಬಿಡಲ್ಲ.

ನಾಲ್ಕು ಮನೆಯ ಆಸ್ತಿ ಅಂದ್ರಲ್ಲ, ಮೇ ತಿಂಗಳಲ್ಲಿ ಮಾಡು ಹತ್ತಿ ಒಡೆದ ಹಂಚು ಬದಲಿಸೋದು, ತರಗು ಗುಡಿಸೋದು ಯಾರ ಪಾಳಿ ಅಂತ ಈಗಲೇ ಬರೆದಿಟ್ಕೊಳ್ಳಿ. ನಮ್ಮಲ್ಲಿ ಎಲ್ಲರದ್ದೂ ಅಂದಿದ್ದಕ್ಕೆ ಎರಡು ವರ್ಷ ಯಾರೂ ಹತ್ತಲಿಲ್ಲ.

ಕಡಿಯೋ ಮರಗಳ ಎದೆಮಟ್ಟದ ಸುತ್ತಳತೆ, ನೇರ ಇರೋ ಉದ್ದ ಬರೆದು ಹಾಕಿ. ಎಷ್ಟು ಮರ ಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ.