ಬೀಜದ ದ್ರಾಕ್ಷಿಯ ಜಾತಕ

ಪ್ರಶ್ನೆ: ಗಾಂಧಿ ಬಜಾರಿನ ತಳ್ಳುಗಾಡಿಯಲ್ಲಿ ‘ಬ್ಲೂ’ ಅಂತ ಒಂದು ಕೆಜಿ ಕಪ್ಪು ದ್ರಾಕ್ಷಿ ತಂದೆ. ಸಿಪ್ಪೆ ದಪ್ಪ, ಒಳಗೆಲ್ಲ ಲೋಳೆ, ಸಾಲದ್ದಕ್ಕೆ ಬೀಜ. ಮೊಮ್ಮಕ್ಕಳು ಒಂದೊಂದು ತಿಂದು ತಟ್ಟೆ ದೂಡಿಬಿಟ್ಟರು. ಇದರಲ್ಲೇ ಕೆಂಪು ವೈನ್ ಮಾಡುತ್ತಾರೆ ಅಂತ ಗಾಡಿಯವನು ಹೇಳಿದ. ನಿಜವಾ?
– ಓದುಗರು, ಬಸವನಗುಡಿ

ಉತ್ತರ: ನಿಜ. ನೀವು ತಂದಿದ್ದು ಬೆಂಗಳೂರು ನೀಲಿ. ಮೊದಲು ಮೊಮ್ಮಕ್ಕಳಿಗೆ ತಿನ್ನುವುದನ್ನು ಹೇಳಿಕೊಡಿ. ತೊಟ್ಟು ಕಿತ್ತ ತುದಿಯನ್ನು ತುಟಿಗಿಟ್ಟು ಹಿಸುಕಿದರೆ ತಿರುಳು ಪುಳಕ್ಕನೆ ಬಾಯಿಗೆ ಬರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಬೀಜವಿಲ್ಲದ ಹಣ್ಣಿನ ಹಾಗೆ ಕಚಕಚ ಅಗಿದರೆ ಯಾರಿಗೂ ಇಷ್ಟ ಆಗುವುದಿಲ್ಲ.

2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ. ಆದರೆ ಊರಿನ ಹೆಸರಿದೆ ಅಂತ ಇಲ್ಲೇ ಹುಟ್ಟಿದ್ದು ಅಂದುಕೊಳ್ಳಬೇಡಿ. ಮೆಣಸಿನಕಾಯಿ, ಟೊಮೆಟೊ ಹಾಗೆ ಇದೂ ಅಮೆರಿಕದ ಕಡೆಯಿಂದ ಬಂದ ನೆಂಟ. ಬಹಳಷ್ಟು ಪುಸ್ತಕಗಳು ಇದನ್ನು ಇಸಾಬೆಲ್ಲಾ ತಳಿಯ ಇನ್ನೊಂದು ಹೆಸರು ಎಂದೇ ಬರೆಯುತ್ತವೆ. ಅಮೆರಿಕದ ಕಾಡು ದ್ರಾಕ್ಷಿಗೂ ಯುರೋಪಿನ ದ್ರಾಕ್ಷಿಗೂ ತಾನಾಗಿಯೇ ಬೆರಕೆಯಾಗಿ ಹುಟ್ಟಿದ ಬಳ್ಳಿ ಅದು. ಬ್ರೂಕ್ಲಿನ್‌ನ ಜಾರ್ಜ್ ಗಿಬ್ಸ್ ಎಂಬವರ ಹಿತ್ತಲಲ್ಲಿ ಬೆಳೆದಿತ್ತು, ಅವರ ಹೆಂಡತಿ ಇಸಾಬೆಲ್ಲಾ ಹೆಸರನ್ನೇ ಹಣ್ಣಿಗೂ ಇಟ್ಟು, ವಿಲಿಯಂ ಪ್ರಿನ್ಸ್ ಎಂಬ ನರ್ಸರಿಯವರು 1816ರಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟರು. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆಗೂ ಬಂತು. ಇಲ್ಲಿ ಬಳ್ಳಿ ಮಲಗುವಷ್ಟು ಚಳಿ ಇಲ್ಲವಲ್ಲ, ಹಾಗಾಗಿ ವರ್ಷಕ್ಕೆ ಎರಡು ಸಲ ಸವರಿ ಎರಡು ಬೆಳೆ ತೆಗೆಯುವುದನ್ನು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ರೈತರು ಕಲಿತುಕೊಂಡರು.

ಮೂಗಿಗೆ ಹತ್ತಿರ ಹಿಡಿದಾಗ ಘಮ್ಮನೆ ಬರುತ್ತದಲ್ಲ, ಆ ವಾಸನೆ ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತುವಿನದು. ಗ್ರೇಪ್ ಫ್ಲೇವರ್ ಪೆಪ್ಪರ್‌ಮಿಂಟಿಗೆ ಹಾಕುವುದೂ ಅದನ್ನೇ. ಪೆಪ್ಪರ್‌ಮಿಂಟ್ ಚಪ್ಪರಿಸುವ ಮಕ್ಕಳು ಹಣ್ಣಿಗೆ ಮಾತ್ರ ಮುಖ ಸಿಂಡರಿಸುತ್ತಾರೆ, ಇದೊಳ್ಳೆ ಕಥೆ.

ಪ್ರಶ್ನೆ: ಆಫೀಸಿನ ಗೆಳೆಯರೆಲ್ಲ ಸೇರಿ ನಂದಿ ಬೆಟ್ಟದ ಕಡೆ ವೈನ್ ತೋಟ ನೋಡಲು ಹೋಗಿದ್ದೆವು. ಬೆಂಗಳೂರು ನೀಲಿ ಹೆಸರೆತ್ತಿದರೆ ನಮ್ಮ ಜೊತೆಗಿದ್ದ ಒಬ್ಬ ನಕ್ಕುಬಿಟ್ಟ. ಫ್ರಾನ್ಸ್‌ನಲ್ಲಿ ಅದು ನಿಷೇಧವಂತೆ, ಕುಡಿದರೆ ಹುಚ್ಚು ಹಿಡಿಯುತ್ತದಂತೆ. ಹೌದಾ ಸರ್?
– ಓದುಗರು, ವೈಟ್‌ಫೀಲ್ಡ್

ಉತ್ತರ: ಅರ್ಧ ನಿಜ, ಅರ್ಧ ಗಾಳಿಮಾತು. 1934ರ ಡಿಸೆಂಬರಿನಲ್ಲಿ ಫ್ರಾನ್ಸ್ ಒಂದು ಕಾನೂನು ತಂದು ಆರು ತಳಿಗಳಿಗೆ ಕಡಿವಾಣ ಹಾಕಿತು. ಇಸಾಬೆಲ್ಲಾ ಅದರಲ್ಲಿ ಒಂದು. ಆಗ ಅಲ್ಲಿ ವೈನ್ ಕುಡಿಯುವವರಿಗಿಂತ ಜಾಸ್ತಿ ತಯಾರಾಗಿ ಬೆಲೆ ಬಿದ್ದುಹೋಗಿತ್ತು. ಔಷಧಿ ಹೊಡೆಯದೆ ಬೆಳೆಯುವ, ಬಡ ರೈತನ ಹಿತ್ತಲಿನ ಬಳ್ಳಿಯ ಮೇಲೆ ಕಣ್ಣು ಬಿತ್ತು. ಹುಚ್ಚು, ಕುರುಡು ಅಂತೆಲ್ಲ ಪ್ರಚಾರ ಆಮೇಲೆ ಜೋರಾಯಿತು. ಈ ಜಾತಿ ಹಣ್ಣಿನಲ್ಲಿ ಪೆಕ್ಟಿನ್, ಅಂದರೆ ಜಾಮನ್ನು ಗಟ್ಟಿ ಮಾಡುವ ಅಂಟು, ಹೆಚ್ಚು, ಅದರಿಂದ ವೈನ್‌ನಲ್ಲಿ ಮೆಥನಾಲ್ ಎಂಬ ವಿಷದ ಆಲ್ಕೋಹಾಲ್ ಅಂಶ ತುಸು ಹೆಚ್ಚಬಹುದು, ಆದರೆ ತಲೆ ಕೆಡಿಸುವಷ್ಟೇನಲ್ಲ.

ಇದೇ ಬಳ್ಳಿಯನ್ನು ಬೇರೆ ಕಡೆ ಜನ ತಲೆಯ ಮೇಲೆ ಹೊತ್ತಿದ್ದಾರೆ. ಇಟಲಿಯಲ್ಲಿ ಇದರ ವೈನ್ ಫ್ರಾಗೊಲಿನೊ, ಅಂದರೆ ಸ್ಟ್ರಾಬೆರಿ ವಾಸನೆಯದು. ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪದವರು ಇದರ ವೈನನ್ನು ‘ಘಮದ ವೈನ್’ ಅಂತಲೇ ಕರೆಯುತ್ತಾರೆ. ಆಸ್ಟ್ರಿಯಾದ ಬುರ್ಗೆನ್‌ಲಾಂಡ್ ಕಡೆಯ ಹಳ್ಳಿಗಳಲ್ಲಿ ಇದನ್ನೂ ಇಂಥದೇ ಬೇರೆ ತಳಿಗಳನ್ನೂ ಸೇರಿಸಿ ಊಹುಡ್ಲರ್ ಮಾಡುತ್ತಾರೆ. ಸರ್ಕಾರ ಬೇಡ ಅಂದಾಗಲೂ ಅವರು ಬಿಡಲಿಲ್ಲ.

ನಿಮ್ಮ ಗೆಳೆಯ ನಕ್ಕಿದ್ದಕ್ಕೆ ಒಂದು ಕಾರಣ ಇದೆ, ಅದನ್ನೂ ಹೇಳಬೇಕಲ್ವಾ. ಬೆಂಗಳೂರು ನೀಲಿಯಲ್ಲಿ ಹುಳಿ ಜಾಸ್ತಿ, ಸಕ್ಕರೆ ಕಡಿಮೆ. ಸಿಹಿ ಇಲ್ಲದ ಡ್ರೈ ವೈನ್ ಮಾಡಿದರೆ ಆ ಪೆಪ್ಪರ್‌ಮಿಂಟ್ ವಾಸನೆಯೇ ಮುಂದೆ ನಿಲ್ಲುತ್ತದೆ, ನನಗೂ ಅದು ಸೇರುವುದಿಲ್ಲ. 1988ರಲ್ಲಿ ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಅವರ ತೋಟ ಶುರುವಾದಾಗ ಕ್ಯಾಬರ್ನೆ ಸೊವಿನ್ಯೊನಂಥ ಫ್ರೆಂಚ್ ಬಳ್ಳಿಗಳನ್ನು ತರಿಸಿದ್ದೂ ಅದಕ್ಕೇ. ನೀಲಿ ಹಣ್ಣು ಹೋಗಿದ್ದು ಜ್ಯೂಸಿಗೆ, ಜಾಮಿಗೆ, ಆಮೇಲೆ ವೈನ್ ಶಾಪಿನಲ್ಲಿ ‘ಪೋರ್ಟ್’ ಅಂತ ಮಾರುವ ಅಗ್ಗದ ಸಿಹಿ ವೈನಿಗೆ. ಅಸಲಿ ಪೋರ್ಟ್ ಪೋರ್ಚುಗಲ್‌ನ ಡೋರು ಕಣಿವೆಯದು, ಅದಕ್ಕೆ ದ್ರಾಕ್ಷಿಯ ಸ್ಪಿರಿಟ್ ಬೆರೆಸುತ್ತಾರೆ. ನಮ್ಮ ಈ ಅಗ್ಗದ ಪೋರ್ಟಿಗೆ ಹೆಸರು ಮಾತ್ರ ಸಾಲ.

ಪ್ರಶ್ನೆ: ನಮ್ಮಜ್ಜಿ ಕ್ರಿಸ್‌ಮಸ್‌ಗೆ ಜಾಡಿಯಲ್ಲಿ ಈ ದ್ರಾಕ್ಷಿ, ಸಕ್ಕರೆ, ಲವಂಗ, ಒಂದು ಹಿಡಿ ಗೋಧಿ ಹಾಕಿ ಬಟ್ಟೆ ಕಟ್ಟಿಡುತ್ತಿದ್ದರು. ಗೋಧಿ ಯಾಕೆ?
– ಓದುಗರು, ಫ್ರೇಜರ್ ಟೌನ್

ಉತ್ತರ: ಗೋಧಿ ಯೀಸ್ಟಿಗೆ ಮೇವು, ವೈನಿಗೂ ಸ್ವಲ್ಪ ಮೈ ಕೊಡುತ್ತದೆ. ಈ ಹಣ್ಣು ನಾನು ಮೇಲೆ ಹೇಳಿದ ಹಾಗೆ ಹುಳಿ, ಸಕ್ಕರೆ ಹಾಕದಿದ್ದರೆ ನಿಮ್ಮಜ್ಜಿಯ ವೈನ್ ಕುಡಿಯುವ ಹಾಗೇ ಇರುತ್ತಿರಲಿಲ್ಲ. ಬಣ್ಣ ಎಲ್ಲ ಸಿಪ್ಪೆಯಲ್ಲಿ ಇರುವುದರಿಂದ ಸಿಪ್ಪೆ ಸಮೇತ ಹಾಕುತ್ತಾರೆ, ಕೈಯಲ್ಲೇ ಕಿವುಚುತ್ತಾರೆ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕಹಿ. ಬಟ್ಟೆ ಕಟ್ಟುವುದು ಒಳಗಿನ ಗ್ಯಾಸ್ ಹೊರಗೆ ಹೋಗಲಿ ಅಂತ. ಬಿಗಿಯಾಗಿ ಮುಚ್ಚಿದ ಬಾಟಲಿ ಅಟ್ಟದ ಮೇಲೆ ಢಮ್ ಅಂದ ಕಥೆ ಆ ಕಡೆಯ ಮನೆಮನೆಯಲ್ಲೂ ಕೇಳಬಹುದು. ಇನ್ನೊಂದು ಮಾತು, ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ತಪ್ಪು. ಅಳತೆ ಕೇಳಿ ಮತ್ತೆ ಪತ್ರ ಬರೆಯಬೇಡಿ.

ಪ್ರಶ್ನೆ: ನಮ್ಮದು ಎರಡು ಎಕರೆ ನೀಲಿ ತೋಟ. ಏರ್‌ಪೋರ್ಟ್ ಬಂದಮೇಲೆ ಸುತ್ತಲಿನವರೆಲ್ಲ ಮಾರಿದರು. ಈಗ ನಮ್ಮಪ್ಪನೂ ಒಪ್ಪಿದ್ದಾರೆ. ಏನು ಮಾಡಲಿ?
– ಓದುಗರು, ದೇವನಹಳ್ಳಿ

ಉತ್ತರ: ಜಮೀನಿನ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ, ಅಪ್ಪನ ಲೆಕ್ಕ ಅಪ್ಪನಿಗೆ ಗೊತ್ತು. ಬಳ್ಳಿ ಕೀಳುವ ಮುಂಚೆ ಒಂದು ಕೆಲಸ ಮಾಡಿ. ಸವರುವಾಗ ಪೆನ್ಸಿಲ್ ದಪ್ಪದ, ಬಲಿತ, ಮೂರು ನಾಲ್ಕು ಕಣ್ಣಿರುವ ಕಡ್ಡಿಗಳನ್ನು ಆರಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡಿ. ಈ ತಳಿ ಕಸಿ ಬೇಡುವುದಿಲ್ಲ, ಕಡ್ಡಿ ಊರಿದರೆ ಬೇರು ಬಿಡುತ್ತದೆ. ಹೊಸ ಮನೆಯ ಕಾಂಪೌಂಡಿನ ಪಕ್ಕ ಬಿಸಿಲು ಬೀಳುವ ಕಡೆ ಊರಿ, ಮೇಲೆ ಒಂದು ಚಪ್ಪರ ಹಾಕಿ. ಹಣ್ಣಿಗೆ ಒಂದೆರಡು ವರ್ಷ ಕಾಯಬೇಕು. ಬಲೆ ಈಗಲೇ ತಂದಿಟ್ಟುಕೊಳ್ಳಿ, ಗಿಳಿಗಳಿಗೆ ನಿಮಗಿಂತ ಮೊದಲೇ ಗೊತ್ತಾಗುತ್ತದೆ.